ಚಾಲಗೇಣಿಯ ಕಂಪ್ಯೂಟರ್

ಪುತ್ತೂರು ಕಡೆಯ ಹುಡುಗನೊಬ್ಬ ಹೋದ ತಿಂಗಳು ನಮ್ಮ ಸ್ಟುಡಿಯೋಗೆ ಬಂದಿದ್ದ. ಇಂಜಿನಿಯರಿಂಗ್ ಓದಿ, ಬೆಂಗಳೂರಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಅದನ್ನು ಬಿಟ್ಟು ಊರಿಗೆ ಹೋಗಿ ಒಂದು ಆ್ಯಪ್ ಮಾಡಿದ್ದಾನೆ. ಅಡಿಕೆ ಬೆಳೆಗಾರರಿಗೆ. ಹೊಸ ಅಡಿಕೆ, ಸಿಂಗಲ್ ಚೋಲ್, ಡಬಲ್ ಚೋಲ್, ಯಾವುದಕ್ಕೆ ಯಾವ ಅಂಗಡಿಯಲ್ಲಿ ಇವತ್ತು ಎಷ್ಟು ರೇಟು, ಆ ಅಂಗಡಿ ಎಷ್ಟು ದೂರ, ಎಲ್ಲ ಮೊಬೈಲ್‌ನಲ್ಲೇ. ‘ಎರಡು ನಿಮಿಷ ಟಿವಿಯಲ್ಲಿ ತೋರಿಸ್ತೀರಾ ಅಣ್ಣ?’ ಅಂತ ಕೇಳೋಕೆ ಬಂದಿದ್ದ.

ಇದನ್ನೆಲ್ಲ ಒಬ್ಬನೇ ಹೇಗೆ ಮಾಡಿದೆ ಅಂದೆ. ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಮ್ಯಾಪ್ ಒಂದು ಕಂಪನಿಯದ್ದು. ಒಟಿಪಿ ಕಳಿಸೋದು ಇನ್ನೊಂದು ಕಂಪನಿ. ಬೆಳೆಗಾರರ ಹೆಸರು, ನಂಬರು, ರೇಟಿನ ಲೆಕ್ಕ ಎಲ್ಲ ಕೂತಿರೋದು ಬಾಡಿಗೆ ಸರ್ವರ್‌ನಲ್ಲಿ. ಆ್ಯಪ್ ಜನರಿಗೆ ಸಿಗಬೇಕಾದರೆ ಪ್ಲೇ ಸ್ಟೋರ್. ಹಾಗಾಗಿಯೇ ಮೂರು ತಿಂಗಳಲ್ಲಿ ಮುಗೀತು, ಇಲ್ಲದಿದ್ದರೆ ಮೂರು ವರ್ಷವೂ ಸಾಕಾಗ್ತಿರಲಿಲ್ಲ ಅಂದ. ಆಮೇಲೆ ಸ್ವಲ್ಪ ಸಂಕೋಚದಿಂದ ಇನ್ನೊಂದು ಮಾತು ಹೇಳಿದ. ‘ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ ಅಣ್ಣ. ಎಲ್ಲ ಕೇಳಿ, ಇದರಲ್ಲಿ ನಿನ್ನದು ಅಂತ ಎಂತ ಉಂಟು ಮಾರಾಯಾ ಅಂದರು.’

ನಾನು ನಕ್ಕೆ. ಉತ್ತರ ಕೊಡಲಿಲ್ಲ. ಉತ್ತರ ಇರಲಿಲ್ಲ ಅನ್ನೋದೇ ಸತ್ಯ.

ರಾತ್ರಿ ಬುಲೆಟಿನ್ ಮುಗಿಸಿ ಮನೆಗೆ ಹೋಗುವಾಗ ನನಗೆ ನೆನಪಾದದ್ದು ನಮ್ಮಜ್ಜ. ಅಜ್ಜ ಗೇಣಿದಾರ. ದಕ್ಷಿಣ ಕನ್ನಡದವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳ್ತೀನಿ. ನಮ್ಮ ಕಡೆ ಗೇಣಿಯಲ್ಲಿ ಎರಡು ಜಾತಿ. ಮೂಲಗೇಣಿ ಅಂದರೆ ಶಾಶ್ವತ. ಗೇಣಿ ಎಷ್ಟು ಅಂತ ಒಮ್ಮೆ ನಿಗದಿಯಾದರೆ ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಅಷ್ಟೇ. ಚಾಲಗೇಣಿ ಅಂದರೆ ಧಣಿಗಳಿಗೆ ಮನಸ್ಸಿರುವ ತನಕ. ಅವರು ಗೇಣಿ ಏರಿಸಬಹುದು, ಬಿಟ್ಟು ಹೋಗು ಅನ್ನಬಹುದು. ಅಜ್ಜನದ್ದು ಚಾಲಗೇಣಿ. ಹತ್ತು ಮುಡಿ ಅಕ್ಕಿ ಗೇಣಿ ಇತ್ತಂತೆ. ಅಜ್ಜ ಕಟ್ಟಪುಣಿ ಕಟ್ಟಿ, ನೀರಿನ ತೋಡು ಸರಿ ಮಾಡಿ, ಗದ್ದೆ ಚೆನ್ನಾಗಿ ಬೆಳೆಯೋಕೆ ಶುರುವಾದ ವರ್ಷವೇ ಅದು ಹದಿಮೂರು ಮುಡಿ ಆಯ್ತು. ಗದ್ದೆ ಒಳ್ಳೆಯದಾದದ್ದಕ್ಕೆ ಅಜ್ಜ ಕೊಟ್ಟ ದಂಡ ಅದು.

ಆದರೆ ಇನ್ನೊಂದು ಬದಿಯನ್ನೂ ಹೇಳಬೇಕು. ಧಣಿಗಳ ಗದ್ದೆ ಸಿಗದೇ ಇದ್ದಿದ್ದರೆ ಅಜ್ಜ ಜೀವನಪೂರ್ತಿ ಕೂಲಿಯಾಳು. ಗೇಣಿ ಸಿಕ್ಕಿದ್ದರಿಂದ ಬೇಸಾಯಗಾರ ಆದ. ಇದನ್ನು ಮರೆತು ಮಾತಾಡಿದರೆ ಲೆಕ್ಕ ತಪ್ಪುತ್ತೆ.

ಈಗ ಕಂಪ್ಯೂಟರಿಗೆ ಬರ್ತೀನಿ. ಹುಡುಗನ ಅಪ್ಪ ಕೇಳಿದ ಪ್ರಶ್ನೆ ಹೊಸದಲ್ಲ. ಭಾರತದಲ್ಲಿ ಕಂಪ್ಯೂಟರಿನ ಕಥೆ ಹೆಚ್ಚುಕಮ್ಮಿ ಗೇಣಿಯಿಂದಲೇ ಶುರುವಾದದ್ದು.

ಅರವತ್ತರ ದಶಕದಲ್ಲಿ ನಮ್ಮ ರೈಲ್ವೆಯಲ್ಲಿ, ದೊಡ್ಡ ದೊಡ್ಡ ಕಂಪನಿಗಳಲ್ಲಿ ಸಂಬಳದ ಲೆಕ್ಕ, ದಾಸ್ತಾನಿನ ಲೆಕ್ಕ ಹಾಕುತ್ತಿದ್ದದ್ದು ಐಬಿಎಂ 1401 ಅನ್ನೋ ಯಂತ್ರ. ಅಮೆರಿಕದಲ್ಲಿ ಅದು ಬಂದದ್ದು 1959ರಲ್ಲಿ. ಅಲ್ಲಿಯವರು ಬಳಸಿ ಬಿಟ್ಟ ಯಂತ್ರಗಳನ್ನು ಇಲ್ಲಿಗೆ ತಂದು, ಮುಂಬೈ ಕಾರ್ಖಾನೆಯಲ್ಲಿ ರಿಪೇರಿ ಮಾಡಿ, ಹೊಸ ಬಣ್ಣ ಬಳಿದು ಬಾಡಿಗೆಗೆ ಕೊಡುತ್ತಿದ್ದರು. ಮಾರಾಟ ಅಲ್ಲ, ಗಮನಿಸಿ. ಬಾಡಿಗೆ. ಯಂತ್ರ ನಿಮ್ಮ ಆಫೀಸಿನಲ್ಲೇ ಇರುತ್ತೆ, ಏಸಿ ಕೋಣೆಯಲ್ಲಿ ದೇವರ ಹಾಗೆ ಕೂತಿರುತ್ತೆ, ಆದರೆ ಅದು ಐಬಿಎಂದು. ಕೆಟ್ಟರೆ ಐಬಿಎಂ ಇಂಜಿನಿಯರ್ ಬರಬೇಕು. ತಿಂಗಳು ತಿಂಗಳು ಬಾಡಿಗೆ ಹೋಗಬೇಕು. ಹಳೇ ಯಂತ್ರಕ್ಕೆ ಇಷ್ಟೊಂದು ಬಾಡಿಗೆಯೇ ಅಂತ ಸಂಸತ್ತಿನ ಲೆಕ್ಕಪತ್ರ ಸಮಿತಿಯವರೆಗೂ ತಕರಾರು ಹೋಗಿತ್ತು.

1973ರಲ್ಲಿ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ, ಅದೇ ಫೆರಾ, ಬಂತು. ವಿದೇಶಿ ಕಂಪನಿಗಳು ಇಲ್ಲಿನ ತಮ್ಮ ಪಾಲನ್ನು ಶೇಕಡಾ 40ಕ್ಕೆ ಇಳಿಸಬೇಕು ಅಂತ ಸರಕಾರ ಹೇಳಿತು. ಐಬಿಎಂ ಕೆಲವು ರಾಜಿಸೂತ್ರ ಮುಂದಿಟ್ಟಿತು. ಆದರೆ ನೂರಕ್ಕೆ ನೂರು ನಮ್ಮದೇ ಇರಬೇಕು ಅನ್ನೋ ಹಟ ಬಿಡಲಿಲ್ಲ. 1977ರಲ್ಲಿ ಜನತಾ ಸರಕಾರ ಬಂತು. ಕೈಗಾರಿಕಾ ಮಂತ್ರಿಯಾಗಿ ಕೂತವರು ಜಾರ್ಜ್ ಫರ್ನಾಂಡಿಸ್. ನಮ್ಮ ಮಂಗಳೂರಿನವರು. ಚಾಲಗೇಣಿಯ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರು. ಕೋಕಾಕೋಲಾ ಆ ವರ್ಷವೇ ಹೋಯ್ತು, 1978ರಲ್ಲಿ ಐಬಿಎಂ ಗಂಟುಮೂಟೆ ಕಟ್ಟಿತು.

ನಮ್ಮಲ್ಲಿ ಈ ಕಥೆಯನ್ನು ಎರಡು ರೀತಿ ಹೇಳ್ತಾರೆ. ಒಬ್ಬರು, ಜಾರ್ಜ್ ಸಾಹೇಬರು ಧಣಿಯನ್ನೇ ಓಡಿಸಿದರು, ಅದಕ್ಕೇ ನಾವು ಉದ್ಧಾರ ಆದೆವು ಅಂತ. ಇನ್ನೊಬ್ಬರು, ದೇಶವನ್ನು ಹದಿನೈದು ವರ್ಷ ಹಿಂದಕ್ಕೆ ತಳ್ಳಿದರು ಅಂತ. ಟಿವಿಯಲ್ಲಿ ಕೂತರೆ ಇವರಿಬ್ಬರನ್ನು ಎದುರುಬದುರು ಕೂರಿಸಿ ಒಂದು ಗಂಟೆ ಓಡಿಸಬಹುದು. ನಾನೇ ಓಡಿಸಿದ್ದೇನೆ. ನಿಜವಾಗಿ ನಡೆದದ್ದು ಎರಡೂ.

ಐಬಿಎಂ ಹೋದಾಗ ನೂರಾರು ಕಡೆ ಅದರ ಯಂತ್ರಗಳು ಹಾಗೇ ಉಳಿದವು. ಅವನ್ನು ನೋಡಿಕೊಳ್ಳುವವರು ಯಾರು? ಸರಕಾರ 1975ರಲ್ಲೇ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಷನ್ ಅಂತ ಒಂದು ಕಂಪನಿ ಹುಟ್ಟುಹಾಕಿತ್ತು. ಸಿಎಂಸಿ. ಅದು ಆ ಹೊಣೆ ಹೊತ್ತುಕೊಂಡಿತು. ಅಲ್ಲಿಯವರೆಗೆ ಮುಚ್ಚಳ ತೆರೆಯೋಕೆ ಅಪ್ಪಣೆ ಇಲ್ಲದ ಯಂತ್ರವನ್ನು ನಮ್ಮ ಹುಡುಗರು ತೆರೆದರು, ಬಿಚ್ಚಿದರು, ಜೋಡಿಸಿದರು. ಅದೇ ಸಿಎಂಸಿ ಎಂಬತ್ತರ ದಶಕದ ಮಧ್ಯದಲ್ಲಿ ದೆಹಲಿಯಲ್ಲಿ ರೈಲ್ವೆ ಟಿಕೆಟ್ ಕಾಯ್ದಿರಿಸುವ ಕಂಪ್ಯೂಟರ್ ವ್ಯವಸ್ಥೆ ಕಟ್ಟಿತು. ರಿಸರ್ವೇಷನ್ ಕೌಂಟರಿನಲ್ಲಿ ದಪ್ಪ ಲೆಡ್ಜರ್ ಹೋಗಿ ಕಂಪ್ಯೂಟರ್ ಪರದೆ ಬಂದದ್ದು ಹಾಗೆ. ವಿಪ್ರೊ, ಎಚ್‌ಸಿಎಲ್ ತಮ್ಮದೇ ಮಿನಿ ಕಂಪ್ಯೂಟರ್ ಮಾಡಿದ್ದೂ ಈ ಖಾಲಿ ಜಾಗದಲ್ಲೇ.

ಇದು ಲಾಭ. ನಷ್ಟ ಎಷ್ಟು? 1981ರಲ್ಲಿ ಪುಣೆಯಲ್ಲಿ ಶುರುವಾದ ಇನ್ಫೊಸಿಸ್‌ಗೆ ಒಂದು ಕಂಪ್ಯೂಟರ್ ಆಮದು ಮಾಡಿಕೊಳ್ಳೋಕೆ ಎಷ್ಟು ಪಾಡು ಆಯ್ತು, ಲೈಸೆನ್ಸಿಗಾಗಿ ದೆಹಲಿಗೆ ಎಷ್ಟು ಸಲ ಅಲೆದದ್ದು ಅನ್ನೋದನ್ನು ನಾರಾಯಣಮೂರ್ತಿ ಊರೆಲ್ಲ ಹೇಳಿದ್ದಾರೆ. ಬೆಂಗಳೂರಿನ ಮೈಕೋ ಗಿರಾಕಿಯಾಗಿ ಸಿಕ್ಕಿತು, 1983ರಲ್ಲಿ ಕಂಪನಿಯೇ ಈ ಊರಿಗೆ ಬಂತು. ಬಾಡಿಗೆಗೂ ಇಲ್ಲ, ಕೊಳ್ಳೋಕೂ ಬಿಡೋದಿಲ್ಲ ಅನ್ನೋ ಕಾಲ ಅದು. ಆ ವರ್ಷಗಳಲ್ಲಿ ಕಂಪ್ಯೂಟರ್ ಮುಟ್ಟುವ ಮೊದಲೇ ಸುಸ್ತಾಗಿ ಬೇರೆ ಕೆಲಸ ಹಿಡಿದವರು ಎಷ್ಟು ಜನರೋ! ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಸ್ವಂತದ್ದೇ ಇರಬೇಕು ಅಂತ ಹಟ ಹಿಡಿಯುವವರು ಈ ಹೆಸರಿಲ್ಲದವರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಐಬಿಎಂ 1992ರಲ್ಲಿ ಟಾಟಾ ಜತೆ ಸೇರಿ ವಾಪಸ್ ಬಂತು. ಇವತ್ತು ಬೆಂಗಳೂರಿನಲ್ಲಿ ಅದರಲ್ಲಿ ಕೆಲಸ ಮಾಡುವವರು ನಿಮ್ಮ ಪಕ್ಕದ ಮನೆಯಲ್ಲೂ ಇರಬಹುದು.

ಬಾಡಿಗೆ ಪದ್ಧತಿ ಮತ್ತೆ ಬಂದದ್ದು 2006ರಲ್ಲಿ, ಬೇರೆ ವೇಷದಲ್ಲಿ. ಆ ವರ್ಷ ಮಾರ್ಚ್‌ನಲ್ಲಿ ಅಮೆಜಾನ್, ಅದೇ ಪುಸ್ತಕ ಮಾರುತ್ತಿದ್ದ ಕಂಪನಿ, ತನ್ನ ಗೋದಾಮಿನಂಥ ಕಂಪ್ಯೂಟರುಗಳಲ್ಲಿ ನಿಮ್ಮ ದತ್ತಾಂಶ ಇಟ್ಟುಕೊಳ್ತೀನಿ, ಒಂದು ಜಿಬಿಗೆ ತಿಂಗಳಿಗೆ 15 ಸೆಂಟ್ ಕೊಡಿ ಅಂತು. ಆಗಸ್ಟ್‌ನಲ್ಲಿ, ಕಂಪ್ಯೂಟರನ್ನೇ ಗಂಟೆ ಲೆಕ್ಕದಲ್ಲಿ ಕೊಡ್ತೀನಿ, ಗಂಟೆಗೆ 10 ಸೆಂಟ್ ಅಂತು. ಆಗಿನ ಡಾಲರ್ ಲೆಕ್ಕದಲ್ಲಿ ಐದು ರೂಪಾಯಿಗೂ ಕಡಿಮೆ! ದೆಹಲಿಗೆ ಅಲೆದಾಡಿ ಲೈಸೆನ್ಸ್ ತಂದವರಿಗೆ ಇದನ್ನು ಓದಿ ಹೇಗನ್ನಿಸಿರಬೇಡ. 2010ರ ಅಕ್ಟೋಬರ್‌ನಲ್ಲಿ ಶುರುವಾದ ಇನ್‌ಸ್ಟಾಗ್ರಾಂ ಈ ಬಾಡಿಗೆ ಯಂತ್ರಗಳ ಮೇಲೇ ಬೆಳೆಯಿತು. ಒಂದೂವರೆ ವರ್ಷದಲ್ಲಿ ಫೇಸ್‌ಬುಕ್ ಅದನ್ನು ಕೊಂಡದ್ದು 100 ಕೋಟಿ ಡಾಲರಿಗೆ. ಆಗ ಅಲ್ಲಿದ್ದ ನೌಕರರು 13 ಜನ. ನಮ್ಮ ಚಾನೆಲ್‌ನ ಮೇಕಪ್ ರೂಮಿನಲ್ಲಿ ಅದಕ್ಕಿಂತ ಹೆಚ್ಚು ಜನ ಇರ್ತಾರೆ.

ಸ್ವಂತದ್ದು ಅಂದ ತಕ್ಷಣ ಭದ್ರ ಅಂತಲೂ ಅಲ್ಲ. 2013ರ ಮೇ 8, ವಿಧಾನಸಭೆ ಚುನಾವಣೆ ಎಣಿಕೆಯ ದಿನ. ನಾನು ಆಗ ಇದ್ದ ಚಾನೆಲ್‌ನ ವೆಬ್‌ಸೈಟ್ ಓಡುತ್ತಿದ್ದದ್ದು ಆಫೀಸಿನ ಹಿಂದಿನ ಕೋಣೆಯ ಸ್ವಂತ ಸರ್ವರ್ ಮೇಲೆ. ಬೆಳಗ್ಗೆ ಒಂಬತ್ತೂವರೆಗೆ ಅದು ಮಲಗಿಬಿಟ್ಟಿತು. ಕರೆಂಟು, ಫ್ಯಾನು, ವೈರು ಎಲ್ಲ ನಮ್ಮದೇ, ಎಬ್ಬಿಸೋಕೆ ಬರುವವರು ಮಾತ್ರ ಯಾರೂ ಇಲ್ಲ. ಟೇಬಲ್ ಫ್ಯಾನ್ ತಂದು ಸರ್ವರ್ ಮುಂದೆ ಇಟ್ಟ ಹುಡುಗನ ಮುಖ ಇನ್ನೂ ಕಣ್ಣ ಮುಂದಿದೆ. 2018ರ ಎಣಿಕೆಗೆ ಬಾಡಿಗೆ ಸರ್ವರ್. ಜನ ಹತ್ತು ಪಟ್ಟು ಬಂದರೂ ಅಲುಗಾಡಲಿಲ್ಲ.

ಹಾಗಾದರೆ ಬಾಡಿಗೆಯೇ ಸರಿ ಅಂತ ಹೇಳಿ ಲೇಖನ ಮುಗಿಸಬಹುದಿತ್ತು. ಆದರೆ ಟ್ವಿಟರ್ ಕಥೆ ಇದೆಯಲ್ಲ.

2006ರಲ್ಲಿ ಶುರುವಾದ ಟ್ವಿಟರ್, ನಮ್ಮ ಸೇವೆಯನ್ನು ಬಳಸಿಕೊಂಡು ಯಾರು ಬೇಕಾದರೂ ಆ್ಯಪ್ ಮಾಡಿ ಅಂತ ಬಾಗಿಲು ತೆರೆದಿಟ್ಟಿತು. ಐಕಾನ್‌ಫ್ಯಾಕ್ಟರಿ ಅನ್ನೋ ಸಣ್ಣ ಕಂಪನಿ 2007ರ ಜನವರಿಯಲ್ಲಿ ಟ್ವಿಟರಿಫಿಕ್ ಅನ್ನೋ ಆ್ಯಪ್ ತಂದಿತು. ನಾವು ಇವತ್ತು ‘ಟ್ವೀಟ್’ ಅಂತೀವಲ್ಲ, ಆ ಪದ ಮೊದಲು ಬಳಕೆಗೆ ಬಂದದ್ದು ಟ್ವಿಟರ್‌ನಲ್ಲಲ್ಲ, ಈ ಆ್ಯಪ್‌ನಲ್ಲಿ. ಹಕ್ಕಿಯ ಚಿತ್ರ ಮೊದಲು ಹಾಕಿದ್ದೂ ಇವರೇ. ಮೊಬೈಲ್ ಪರದೆಯನ್ನು ಬೆರಳಿಂದ ಕೆಳಗೆ ಎಳೆದರೆ ಹೊಸ ಸುದ್ದಿ ಬರುತ್ತಲ್ಲ, ದಿನಕ್ಕೆ ನೂರು ಸಲ ಮಾಡ್ತೀವಲ್ಲ, ಅದು ಲೊರೆನ್ ಬ್ರಿಕ್ಟರ್ ಅನ್ನೋ ಯುವಕ ಟ್ವೀಟಿ ಅನ್ನೋ ತನ್ನ ಆ್ಯಪ್‌ಗಾಗಿ ಯೋಚಿಸಿದ್ದು. ಗದ್ದೆ ಟ್ವಿಟರ್‌ದು. ಕಟ್ಟಪುಣಿ ಕಟ್ಟಿದವರು, ತೋಡು ತೆಗೆದವರು ಇವರು.

ಟ್ವೀಟಿಯನ್ನು 2010ರಲ್ಲಿ ಟ್ವಿಟರ್ ಕೊಂಡುಕೊಂಡು ತನ್ನ ಅಧಿಕೃತ ಆ್ಯಪ್ ಮಾಡಿಕೊಂಡಿತು. ಎರಡು ವರ್ಷದ ನಂತರ ಬೇರೆಯವರ ಆ್ಯಪ್‌ಗಳಿಗೆ ಬೇಲಿ ಹಾಕಿತು, ಒಂದು ಲಕ್ಷ ಬಳಕೆದಾರರು ದಾಟಿದರೆ ಅಪ್ಪಣೆ ಬೇಕು ಅಂತ. ಇನ್ನೂ ಹತ್ತು ವರ್ಷ ಹಾಗೂ ಹೀಗೂ ನಡೀತು. 2022ರಲ್ಲಿ ಯಜಮಾನ ಬದಲಾದರು, ಇಲಾನ್ ಮಸ್ಕ್ ಬಂದರು. 2023ರ ಜನವರಿ 12ರ ರಾತ್ರಿ ಟ್ವಿಟರಿಫಿಕ್, ಟ್ವೀಟ್‌ಬಾಟ್ ಎಲ್ಲ ಒಮ್ಮೆಗೇ ಸತ್ತವು. ನೋಟಿಸ್ ಇಲ್ಲ. ಪತ್ರ ಬರೆದರೆ ಉತ್ತರ ಇಲ್ಲ. ಒಂದು ವಾರದ ನಂತರ ನಿಯಮಾವಳಿಯಲ್ಲಿ ಒಂದು ಸಾಲು ಸೇರಿಸಿದರು, ನಮ್ಮ ಆ್ಯಪ್‌ಗೆ ಬದಲಿಯಾಗುವಂಥದ್ದನ್ನು ಯಾರೂ ಮಾಡಕೂಡದು ಅಂತ. ಹೊಡೆದ ಮೇಲೆ ಕಾನೂನು ಬರೆದದ್ದು.

ಆ ಮೇಲಿನದ್ದು ಇನ್ನೂ ಕಹಿ. ವರ್ಷದ ಚಂದಾ ಕಟ್ಟಿದ್ದ ಗ್ರಾಹಕರಿಗೆ ಹಣ ವಾಪಸ್ ಕೊಡಬೇಕಾದ ಪ್ರಸಂಗ ಬಂತು, ಮತ್ತು ಕೊಡಬೇಕಾದ್ದು ಟ್ವಿಟರ್ ಅಲ್ಲ, ಆ್ಯಪ್ ಮಾಡಿದ ಈ ಸಣ್ಣವರು. ನಮ್ಮ ಆ್ಯಪ್‌ನಲ್ಲೇ ಒಂದು ಗುಂಡಿ ಇಟ್ಟಿದ್ದೇವೆ, ದಯವಿಟ್ಟು ‘ನನಗೆ ಹಣ ವಾಪಸ್ ಬೇಡ’ ಅಂತ ಒತ್ತಿ ಅಂತ ಅವರು ಗ್ರಾಹಕರಲ್ಲಿ ಬೇಡಿಕೊಂಡರು. ಹದಿನಾರು ವರ್ಷ ದುಡಿದವರು.

ಅಜ್ಜನ ಹತ್ತು ಮುಡಿ ಹದಿಮೂರಾದ ಕಥೆ ಇನ್ನೂ ಹತ್ತಿರದಲ್ಲಿದೆ. ಗೂಗಲ್ ಮ್ಯಾಪನ್ನು ನಿಮ್ಮ ಆ್ಯಪ್‌ನಲ್ಲಿ ತೋರಿಸಬೇಕಾದರೆ ಮೊದಲು ದಿನಕ್ಕೆ 25,000 ಸಲದವರೆಗೆ ಪುಕ್ಕಟೆ. 2018ರ ಜುಲೈನಲ್ಲಿ ಹೆಚ್ಚುಕಮ್ಮಿ ಅಷ್ಟೇ ಪುಕ್ಕಟೆ, ಆದರೆ ದಿನಕ್ಕಲ್ಲ, ತಿಂಗಳಿಗೆ ಅಂತಾಯ್ತು! ಮೀರಿದರೆ ಸಾವಿರಕ್ಕೆ ಅರ್ಧ ಡಾಲರ್ ಇದ್ದದ್ದು ಏಳು ಡಾಲರ್. ಹದಿನಾಲ್ಕು ಪಟ್ಟು. ಕೆಟ್ಟವರು ಅಂತ ಬೈಯುವ ಮೊದಲು ಇನ್ನೊಂದನ್ನೂ ಕೇಳಿ. 2024ರ ಜುಲೈನಲ್ಲಿ ಬೆಂಗಳೂರಿನ ಓಲಾ, ನಾವು ನಮ್ಮದೇ ಮ್ಯಾಪ್ ಮಾಡಿಕೊಂಡೆವು, ವರ್ಷಕ್ಕೆ 100 ಕೋಟಿ ರೂಪಾಯಿ ಉಳೀತು ಅಂತ ಘೋಷಿಸಿತು. ಅದೇ ತಿಂಗಳು ಗೂಗಲ್ ಭಾರತದಲ್ಲಿ ಮ್ಯಾಪ್ ದರವನ್ನು ಶೇಕಡಾ 70ರವರೆಗೆ ಇಳಿಸುವುದಾಗಿ ಹೇಳಿತು. ಪಕ್ಕದಲ್ಲಿ ಇನ್ನೊಂದು ಗದ್ದೆ ಸಿಗುತ್ತೆ ಅಂತ ಗೊತ್ತಾದರೆ ಗೇಣಿ ಇಳಿಯುತ್ತೆ. ಆದರೆ ಸ್ವಂತ ಮ್ಯಾಪ್ ಮಾಡೋಕೆ ಓಲಾ ಆಗಬೇಕು. ಪುತ್ತೂರಿನ ಹುಡುಗನ ಕೈಲಾಗುವ ಕೆಲಸ ಅಲ್ಲ.

ಇನ್ನು ಅಂಗಡಿ ಬಾಗಿಲು. 2024ರ ಮಾರ್ಚ್ 1ರಂದು ಗೂಗಲ್ ತನ್ನ ಪ್ಲೇ ಸ್ಟೋರಿನಿಂದ ಹತ್ತು ಭಾರತೀಯ ಕಂಪನಿಗಳ ಆ್ಯಪ್‌ಗಳನ್ನು ಕಿತ್ತುಹಾಕಲು ಶುರುಮಾಡಿತು. ಭಾರತ್ ಮ್ಯಾಟ್ರಿಮೋನಿ, ಶಾದಿ ಡಾಟ್ ಕಾಮ್, ನೌಕ್ರಿ, ಕುಕು ಎಫ್ಎಂ ಎಲ್ಲ ಅದರಲ್ಲಿ ಇದ್ದವು. ಜಗಳ ಶುಲ್ಕದ್ದು. ಆ್ಯಪ್ ಒಳಗೆ ಆಗುವ ವ್ಯಾಪಾರದಲ್ಲಿ ಶೇಕಡಾ 11ರಿಂದ 26ರವರೆಗೆ ನಮಗೆ ಬರಬೇಕು ಅಂತ ಗೂಗಲ್, ಕೊಡಲ್ಲ ಅಂತ ಇವರು. ಕೇಂದ್ರ ಮಂತ್ರಿ ಅಶ್ವಿನಿ ವೈಷ್ಣವ್ ಮಧ್ಯೆ ಬಂದರು, ಕೆಲವೇ ದಿನಗಳಲ್ಲಿ ಆ್ಯಪ್‌ಗಳು ವಾಪಸ್ ಬಂದವು. ಅವತ್ತು ಸ್ಟುಡಿಯೋದಲ್ಲಿ ಈ ಸುದ್ದಿ ಓದುವಾಗ ದಿನಾಂಕ ನೋಡಿ ನನಗೆ ಬೇರೇನೋ ನೆನಪಾಯ್ತು. ಮಾರ್ಚ್ 1. ಅರಸು ಸರಕಾರದ ಭೂ ಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1. ಸರಿಯಾಗಿ ಐವತ್ತು ವರ್ಷ. ಅಜ್ಜ ಏಳನೇ ನಂಬರ್ ಫಾರಂ ತುಂಬಿಸಿ ಡಿಕ್ಲರೇಷನ್ ಕೊಟ್ಟ, ಟ್ರಿಬ್ಯೂನಲ್‌ನಲ್ಲಿ ಗದ್ದೆ ಅಜ್ಜನ ಹೆಸರಿಗಾಯ್ತು. ಆ್ಯಪ್ ಮಾಡುವವರಿಗೆ ಅಂಥ ಫಾರಂ ಯಾವ ತಾಲ್ಲೂಕು ಕಚೇರಿಯಲ್ಲೂ ಸಿಗೋದಿಲ್ಲ. ದೊಡ್ಡವರಿಗಾದರೆ ಮಂತ್ರಿ ಫೋನ್ ಮಾಡ್ತಾರೆ. ಅಡಿಕೆ ಆ್ಯಪ್‌ಗೆ ಯಾರು ಮಾಡ್ತಾರೆ?

ಧಣಿ ಒಳ್ಳೆಯವನಾದರೂ ಎಡವಬಹುದು, ಅದು ಬೇರೆ ಮಾತು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನೋ ಸುರಕ್ಷತಾ ಕಂಪನಿ ಕಳಿಸಿದ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ಹೊದ್ದು ಕೂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಲ್ಲಿ ಬರೆದುಕೊಟ್ಟರು. ಬ್ರಿಟನ್ನಿನ ಸ್ಕೈ ನ್ಯೂಸ್ ಬೆಳಗಿನ ಹೊತ್ತು ಪ್ರಸಾರವನ್ನೇ ಮಾಡಲಾಗದೆ ಕೂತಿತು. ಆ ಸುದ್ದಿ ಓದುವಾಗ ನಾನು ಒಮ್ಮೆ ನಮ್ಮ ಪಿಸಿಆರ್ ಕಡೆ ತಿರುಗಿ ನೋಡಿದ್ದು ವೀಕ್ಷಕರಿಗೂ ಕಂಡಿರಬಹುದು.

ಹುಡುಗನಿಗೆ ಮೊನ್ನೆ ಫೋನ್ ಮಾಡಿದೆ. ಅಜ್ಜನ ವಿಷಯ ಹೇಳಿದೆ. ಚಾಲಗೇಣಿ ಗದ್ದೆಯಲ್ಲಿ ಅಜ್ಜ ಯಾವತ್ತೂ ಅಡಿಕೆ ಸಸಿ ನೆಡಲಿಲ್ಲ. ಅದು ಫಲ ಕೊಡೋಕೆ ವರ್ಷಗಟ್ಟಲೆ ಬೇಕು, ಅಷ್ಟರಲ್ಲಿ ಬಿಟ್ಟು ಹೋಗು ಅಂದರೆ? ಭತ್ತವನ್ನೇ ಬಿತ್ತಿದ, ಆರು ತಿಂಗಳ ಬೆಳೆ. ಮತ್ತೆ ಬಿತ್ತನೆಯ ಮುಡಿಯನ್ನು ಎಂಥ ಕಷ್ಟದಲ್ಲೂ ಧಣಿಗಳ ಕಣಜದಲ್ಲಿ ಇಡಲಿಲ್ಲ, ಮನೆಯ ಅಟ್ಟದಲ್ಲೇ ಕಟ್ಟಿಟ್ಟ. ನಿನ್ನ ಆ್ಯಪ್‌ನಲ್ಲಿ ಭತ್ತ ಯಾವುದು, ಅಡಿಕೆ ಯಾವುದು, ಬಿತ್ತನೆಯ ಮುಡಿ ಯಾವುದು ಅಂತ ನೋಡಿದ್ದೀಯಾ ಅಂದೆ.

ಅವನು ನನಗಿಂತ ಮುಂದೆ ಹೋಗಿದ್ದ. ಬೆಳೆಗಾರರ ಪಟ್ಟಿ, ಮೂರು ಸೀಸನ್ನಿನ ರೇಟು, ಎಲ್ಲವನ್ನೂ ಪ್ರತಿ ರಾತ್ರಿ ತನ್ನ ಮನೆಯ ಕಂಪ್ಯೂಟರಿಗೂ ಇಳಿಸಿಕೊಳ್ತಾನಂತೆ. ಒಟಿಪಿಗೆ ಎರಡನೇ ಕಂಪನಿಯೊಂದನ್ನು ಗೊತ್ತುಮಾಡಿಕೊಂಡಿದ್ದಾನೆ, ಒಂದು ಕೈಕೊಟ್ಟರೆ ಅರ್ಧ ಗಂಟೆಯಲ್ಲಿ ಇನ್ನೊಂದಕ್ಕೆ ತಿರುಗಿಸಬಹುದಂತೆ. ಪ್ಲೇ ಸ್ಟೋರ್ ಬಾಗಿಲು ಮುಚ್ಚಿದರೂ ಬ್ರೌಸರ್‌ನಲ್ಲಿ ರೇಟು ಕಾಣುವ ಹಾಗೆ ಒಂದು ಪುಟ ಮಾಡಿದ್ದಾನೆ. ಮ್ಯಾಪ್ ಏನು ಮಾಡಿದೆ ಅಂದೆ. ‘ಅದನ್ನು ಹಾಗೇ ಬಿಟ್ಟೆ ಅಣ್ಣ. ಬದಲಿಸಲಿಕ್ಕೆ ಎರಡು ತಿಂಗಳು ಬೇಕು. ಈಗ ಮಳೆ ಶುರುವಾಯ್ತಲ್ಲ, ತೋಟಕ್ಕೆ ಮದ್ದು ಬಿಡಬೇಕು. ದರ ಏರಿಸಿದ ದಿವಸ ನೋಡುವ.’

ಅಪ್ಪ ಈಗ ಏನಂತಾರೆ ಅಂತ ಕೇಳಿದೆ.

‘ನಿನ್ನದು ಎಂತ ಉಂಟು ಅಂತ ಈಗ ಕೇಳುವುದಿಲ್ಲ. ಡಬಲ್ ಚೋಲಿನ ರೇಟು ಬೆಳಗ್ಗೆ ಹತ್ತು ನಿಮಿಷ ತಡ ಆಯ್ತು ಅಂತ ಬೈತಾರೆ.’